ದೂರದ ಓಟದ ಬುತ್ತಿ

ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಪತ್ರ ಬರೆದಾಗ, ಮೂವತ್ತಾರು ವರ್ಷ ಈ ಮೈದಾನದಲ್ಲಿ ಸೀಟಿ ಊದಿದವನಿಂದ ಅವರು ಏನನ್ನು ಅಪೇಕ್ಷಿಸಿರಬಹುದೆಂಬುದನ್ನು ಊಹಿಸಿಕೊಂಡೆ. ಶಿಸ್ತು ಮತ್ತು ಕ್ರೀಡಾಮನೋಭಾವವನ್ನು ಕುರಿತು ನಾಲ್ಕು ಪುಟ ಬರೆಯುವುದು ನನಗೆ ಕಷ್ಟವೂ ಆಗುತ್ತಿರಲಿಲ್ಲ. ಆದರೆ ಬಹುದಿನಗಳಿಂದ ಮನಸ್ಸಿನಲ್ಲಿ ಉಳಿದ ಒಂದು ತಪ್ಪೊಪ್ಪಿಗೆ ಇದೆ. ಅದು ನೀರು, ಬೂಟು, ಬಾಳೆಹಣ್ಣುಗಳಿಗೆ ಸಂಬಂಧಿಸಿದ್ದು. ಕ್ಷುಲ್ಲಕವೆನಿಸಿದರೆ ವಾಚಕರು ಮನ್ನಿಸಬೇಕು.

ಓಡುವಾಗ ನೀರು ಕುಡಿಯಬಾರದೆಂಬುದು ಆ ಕಾಲದಲ್ಲಿ ನನ್ನ ಕಟ್ಟಪ್ಪಣೆಯಾಗಿತ್ತು. ನನಗೆ ಕಲಿಸಿದವರೂ ಹಾಗೆಯೇ ಕಲಿಸಿದ್ದರು. ನೀರು ಹೊಟ್ಟೆಯಲ್ಲಿ ಕುಲುಕಿ ಪಕ್ಕೆ ಹಿಡಿಯುತ್ತದೆ, ಬಾಯಾರಿಕೆಯನ್ನು ಗೆಲ್ಲುವುದೇ ದೇಹದಾರ್ಢ್ಯದ ಲಕ್ಷಣ ಎಂಬ ನಂಬಿಕೆ ಅಂದು ವ್ಯಾಪಕವಾಗಿತ್ತು. 1989ರ ಫೆಬ್ರವರಿಯಲ್ಲಿ ಹತ್ತು ಕಿಲೋಮೀಟರ್ ಓಟದ ಅಭ್ಯಾಸ ನಡೆದಾಗ, ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ರಸ್ತೆಬದಿಯ ಮನೆಯ ಮುಂದೆ ನಿಂತು ಒಂದು ತಂಬಿಗೆ ನೀರನ್ನು ಬೇಡಿ ಪಡೆದ. ಸೈಕಲ್ಲಿನ ಮೇಲೆ ಹಿಂದಿನಿಂದ ಬಂದ ನಾನು ತಂಬಿಗೆಯನ್ನು ಕಸಿದು ನೀರನ್ನು ನೆಲಕ್ಕೆ ಚೆಲ್ಲಿದೆ. “ನೀರಿಗೆ ಬಾಯಿ ಬಿಡಾಂವ ಓಟಗಾರ ಹೆಂಗ ಆಗ್ತೀಯೋ?” ಎಂದೆ. ಹುಡುಗ ತಲೆ ತಗ್ಗಿಸಿ ಮತ್ತೆ ಓಡಿದ, ಗುರಿಯನ್ನೂ ಮುಟ್ಟಿದ. ಮರುದಿನದಿಂದ ಮೈದಾನಕ್ಕೆ ಬರಲಿಲ್ಲ. ಹುಮ್ಮಸ್ಸು ಸಾಲದವನೆಂದು ಬಗೆದು ನಾನು ಅವನನ್ನು ಮರೆತೆ.

ಆ ತಂಬಿಗೆ ಮತ್ತೆ ಕಣ್ಣೆದುರು ಬರಲು ಮೂವತ್ತಮೂರು ವರ್ಷಗಳೇ ಬೇಕಾದವು. 2020ರಲ್ಲಿ ನಿವೃತ್ತನಾಗಿ ಧಾರವಾಡದಲ್ಲಿ ನೆಲೆಸಿದ ಮೇಲೆ, ಒಮ್ಮೆಯಾದರೂ 42.195 ಕಿಲೋಮೀಟರುಗಳ ಪೂರ್ಣ ಮ್ಯಾರಥಾನನ್ನು ಓಡಬೇಕೆಂಬ ಹಂಬಲ ಹುಟ್ಟಿತು. ವೈದ್ಯರ ಒಪ್ಪಿಗೆ ಪಡೆದು, 2023ರ ಜನವರಿಯ ಮುಂಬಯಿ ಓಟಕ್ಕೆ ಹೆಸರು ನೋಂದಾಯಿಸಿದೆ. ಇಂಥ ಸಿದ್ಧತೆಯಲ್ಲಿ ವಾರಕ್ಕೊಂದು ದಿನ ದೀರ್ಘ ಓಟವಿರುತ್ತದೆ. ಅದು ಹದಿನಾರು ಕಿಲೋಮೀಟರಿನಿಂದ ಮೊದಲಾಗಿ ಮೂವತ್ತರವರೆಗೆ ಬೆಳೆಯುತ್ತದೆ. ನವೆಂಬರದ ಒಂದು ನಸುಕಿನಲ್ಲಿ, ಮೊದಲ ಚಿಗರಿ ಬಸ್ಸು ಹೊರಡುವ ಮುನ್ನವೇ, ಉಣಕಲ್ ಕೆರೆಯನ್ನು ಮುಟ್ಟಿ ಬರಲು ಹೊರಟೆ. ಬರಿ ಹೊಟ್ಟೆ, ಬರಿ ಕೈ. ಹಳೆಯ ಮಾಸ್ತರನ ಅಭಿಮಾನವೊಂದೇ ಬುತ್ತಿ.

ಹೋಗುವಾಗ ಎಲ್ಲವೂ ಸುಗಮವಾಗಿತ್ತು. ಮರಳುವಾಗ ನವಲೂರಿನ ಸಮೀಪ ಕಾಲುಗಳು ಸೀಸದಂತೆ ಭಾರವಾದವು. ಅದಕ್ಕಿಂತ ಭಯಂಕರವಾದುದು ಬುದ್ಧಿಯ ಮಂಕು. ನಲವತ್ತು ವರ್ಷ ಓಡಾಡಿದ ರಸ್ತೆಯಲ್ಲಿ ಧಾರವಾಡ ಯಾವ ದಿಕ್ಕಿಗಿದೆಯೆಂಬುದು ತಿಳಿಯದೆ ಕುಸಿದು ಕುಳಿತೆ. ಪೇರಲ ಹಣ್ಣಿನ ಬುಟ್ಟಿಯಿಟ್ಟುಕೊಂಡು ಅಲ್ಲಿ ಕುಳಿತಿದ್ದ ವೃದ್ಧೆಯೊಬ್ಬಳು “ಹಸದ ಹೊಟ್ಟೀಲೆ ಹಿಂಗ ಓಡ್ತಾರೇನ್ರೀ ಯಜಮಾನ್ರ?” ಎಂದು ಗದರಿ, ತಂಬಿಗೆಯಲ್ಲಿ ನೀರನ್ನೂ, ಉಪ್ಪು ಸವರಿದ ಹಣ್ಣನ್ನೂ ಕೊಟ್ಟಳು. ಆ ತಂಬಿಗೆಯನ್ನು ಬಾಯಿಗೆತ್ತಿದಾಗಲೇ ನನಗೆ ಆ ಹುಡುಗ ನೆನಪಾದದ್ದು. ಮನೆಗೆ ಬಸ್ಸಿನಲ್ಲಿ ಬಂದೆ.

ಅನಂತರ ವಿದ್ಯಾರ್ಥಿಯಂತೆ ಓದತೊಡಗಿದೆ. ಓಡುವವನು ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲರಿಯಷ್ಟು ಶಕ್ತಿಯನ್ನು ವ್ಯಯಿಸುತ್ತಾನೆ. ನನ್ನ ತೂಕ 62 ಕಿಲೋ. ಪೂರ್ಣ ದೂರಕ್ಕೆ 2600 ಬೇಕು. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗಿರುವ ಸಕ್ಕರೆಯಿಂದ ದೊರೆಯುವುದು ಹೆಚ್ಚೆಂದರೆ 2000. ಕೊಬ್ಬು ಧಾರಾಳವಾಗಿದ್ದರೂ ಅದು ನಿಧಾನವಾಗಿ ಉರಿಯುವ ಹಸಿ ಕಟ್ಟಿಗೆ. ಮಿದುಳಿಗೆ ಸಕ್ಕರೆಯನ್ನು ಒದಗಿಸುವ ಯಕೃತ್ತಿನ ದಾಸ್ತಾನಂತೂ ರಾತ್ರಿಯ ಉಪವಾಸದಲ್ಲಿಯೇ ಬಹುಪಾಲು ಕರಗಿರುತ್ತದೆ. ನನಗೆ ದಿಕ್ಕು ತಪ್ಪಿದ್ದರ ಕಾರಣ ಇಷ್ಟೇ. ಆದುದರಿಂದ ದೀರ್ಘ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಮಿನಷ್ಟು ಸಕ್ಕರೆ-ಪಿಷ್ಟಗಳು ಹೊಟ್ಟೆಗೆ ಬೀಳಬೇಕು.

ಯಾವ ಪದಾರ್ಥವೆಂಬುದನ್ನು ಪ್ರಯೋಗದಿಂದಲೇ ಅರಿಯಬೇಕಾಯಿತು. ಶೇಂಗಾ ಚಿಕ್ಕಿ ಒಣಗಿದ ಬಾಯಿಯಲ್ಲಿ ಅಂಟಿಕೊಂಡು ಉಸಿರಿಗೇ ಅಡ್ಡಿಯಾಯಿತು. ಊರಭಿಮಾನದಿಂದ ಫೇಡೆಯನ್ನೂ ಪರೀಕ್ಷಿಸಿದೆ. ಅದರ ಸ್ಥಾನ ಓಟದ ನಂತರವೇ ಹೊರತು ನಡುವೆ ಅಲ್ಲ. ಬಾಳೆಹಣ್ಣೊಂದರಲ್ಲಿ 25 ಗ್ರಾಮಿನಷ್ಟು ಪಿಷ್ಟ-ಸಕ್ಕರೆಗಳಿದ್ದು ಅದು ಸುಲಭವಾಗಿ ಇಳಿಯಿತು. ಖರ್ಜೂರ, ಬೆಲ್ಲದ ಸಣ್ಣ ತುಣುಕುಗಳೂ ಒಗ್ಗಿದವು. ಅಂಗಡಿಯಲ್ಲಿ ಸಿಗುವ ಜೆಲ್ ಎಂಬ ಅಂಟು ಪಾಕದ ಪೊಟ್ಟಣವೂ ಇದೇ ಕೆಲಸವನ್ನು ಮಾಡುತ್ತದೆ, ಬೆಲೆ ಮಾತ್ರ ದುಬಾರಿ. ಹಿಂದಿನ ರಾತ್ರಿ ಜೋಳದ ರೊಟ್ಟಿ, ಕಾಳುಪಲ್ಯಗಳನ್ನು ಬಿಟ್ಟು ಮೊಸರನ್ನ ಉಣ್ಣುವುದು ಲೇಸೆಂಬುದನ್ನು ಹದಿನೆಂಟನೆಯ ಕಿಲೋಮೀಟರಿನಲ್ಲಿ ಒಂದು ಹೊಲದ ಮರೆಯನ್ನು ಹುಡುಕಬೇಕಾಗಿ ಬಂದಾಗ ಕಲಿತೆ.

ನೀರಿನ ವಿಷಯದಲ್ಲಿ ಮತ್ತೊಂದು ತುದಿಗೆ ಹಾರಿದೆನು. ಮುಂದಿನ ಓಟದಲ್ಲಿ ಬಾಯಾರಿಕೆಯಿಲ್ಲದಿದ್ದರೂ ಕುಡಿಯುತ್ತಲೇ ಹೋದೆ. ಕೊನೆಗೆ ತಲೆನೋವು, ವಾಕರಿಕೆ. ತೂಕ ನೋಡಿದರೆ ಹೊರಟಾಗಿನದಕ್ಕಿಂತ ಅರ್ಧ ಕಿಲೋ ಹೆಚ್ಚಾಗಿತ್ತು! ಅತಿಯಾದ ನೀರು ರಕ್ತದ ಸೋಡಿಯಂ ಪ್ರಮಾಣವನ್ನು ತಗ್ಗಿಸುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ನೂರಕ್ಕೆ 13 ಜನರಲ್ಲಿ ಈ ಕೊರತೆ ಕಂಡುಬಂದಿತಂತೆ. ಇದು ಪ್ರಾಣಾಪಾಯಕ್ಕೂ ಕಾರಣವಾಗಬಲ್ಲದು. ಅಂದಿನಿಂದ ಓಟಕ್ಕೆ ಮೊದಲೂ ನಂತರವೂ ತೂಗಿ ನೋಡಿ, ಕಳೆದ ಪ್ರತಿ ಕಿಲೋವನ್ನು ಸುಮಾರು ಒಂದು ಲೀಟರ್ ಬೆವರೆಂದು ಲೆಕ್ಕ ಹಿಡಿದು, ಬಾಯಾರಿದಾಗ ಮಾತ್ರ ಗುಟುಕರಿಸುವುದನ್ನು ರೂಢಿಸಿಕೊಂಡೆ. ಸೊಂಟದ ಪಟ್ಟಿಯ ಎರಡು ಸೀಸೆಗಳಲ್ಲಿ ಒಂದರಲ್ಲಿ ಓಆರ್‌ಎಸ್ ದ್ರಾವಣವಿರುತ್ತಿತ್ತು. 1971ರಲ್ಲಿ ಬಂಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅವರು ಕಾಲರಾ ರೋಗಿಗಳಿಗೆ ಕುಡಿಸಿ ಜೀವ ಉಳಿಸಿದ್ದು ಇಂಥ ಉಪ್ಪು-ಗ್ಲೂಕೋಸಿನ ನೀರನ್ನೇ. ಆದರೆ ಇಂದಿನ ದ್ರಾವಣದ ಒಂದು ಲೀಟರಿನಲ್ಲಿ ಗ್ಲೂಕೋಸು ಕೇವಲ 13.5 ಗ್ರಾಮ್, ಅದು ಉಪ್ಪನ್ನು ಕೊಡುತ್ತದೆ, ಹಸಿವನ್ನು ತೀರಿಸದು. ಬಾಳೆಹಣ್ಣು ತಪ್ಪಲಿಲ್ಲ.

ಬೂಟಿನ ವಿಷಯದಲ್ಲಿಯೂ ನನ್ನ ಪಾಠ ಅರ್ಧಸತ್ಯವಾಗಿತ್ತು. ಬೂಟು ಕೇಳಿದ ಹುಡುಗರಿಗೆ, 1960ರ ರೋಮ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿ ಓಡಿ ಗೆದ್ದ ಇಥಿಯೋಪಿಯದ ಅಬೆಬೆ ಬಿಕಿಲನ ಕಥೆಯನ್ನು ಹೇಳುತ್ತಿದ್ದೆ. ಅವನು 1964ರಲ್ಲಿ ಟೋಕಿಯೋದಲ್ಲಿ ಬೂಟು ತೊಟ್ಟು, ಮೂರು ನಿಮಿಷ ಬೇಗನೆ ಮುಟ್ಟಿ ಮತ್ತೆ ಗೆದ್ದುದನ್ನು ಹೇಳುತ್ತಿರಲಿಲ್ಲ. ದೀರ್ಘ ಓಟದಲ್ಲಿ ಪಾದ ಊದಿಕೊಳ್ಳುವುದರಿಂದ ಬೆರಳಿನ ಮುಂದೆ ಹೆಬ್ಬೆರಳಗಲದ ಜಾಗವಿರಬೇಕೆಂಬುದನ್ನು ಎರಡು ಉಗುರುಗಳು ಕಪ್ಪಾಗಿ ಉದುರಿದ ಮೇಲೆ ತಿಳಿದೆ. ಬೆವರಿನಿಂದ ತೊಯ್ದ ಹತ್ತಿಯ ಬನಿಯನ್ನು ಉಜ್ಜಿ ಎದೆಯಲ್ಲಿ ರಕ್ತ ಬಂದ ಮೇಲೆ ಬೇಗ ಆರುವ ಅಂಗಿಯನ್ನು ಕೊಂಡೆ. ಕಂಕುಳು, ತೊಡೆಗಳಿಗೆ ಕೊಬ್ಬರಿ ಎಣ್ಣೆ ಸಾಕಾಯಿತು.

ಮುಂಬಯಿಯ ಓಟವನ್ನು ಬಹಳ ವರ್ಣಿಸಲಾರೆ. ಹೊಸದೇನನ್ನೂ ಅಂದು ತೊಡಲಿಲ್ಲ, ತಿನ್ನಲಿಲ್ಲ. ಮೂವತ್ತೈದು ಕಿಲೋಮೀಟರ್ ದಾಟಿ ಪೆಡ್ಡರ್ ರಸ್ತೆಯ ಏರು ಬಂದಾಗ ಬಿಸಿಲು ಚುರುಗುಟ್ಟುತ್ತಿತ್ತು. ಹತ್ತು ವರ್ಷದ ಬಾಲಕನೊಬ್ಬ ಕಿತ್ತಳೆಯ ತೊಳೆಗಳನ್ನೂ ನೀರಿನ ಲೋಟವನ್ನೂ ಹಿಡಿದು ನಿಂತಿದ್ದ. ಅವನ ಕೈಯಿಂದ ನೀರು ಇಸಿದುಕೊಂಡು ನಿಂತೇ ಕುಡಿದೆ. 5 ಗಂಟೆ 34 ನಿಮಿಷಗಳಲ್ಲಿ ಗುರಿ ಮುಟ್ಟಿದೆ.

1989ರ ಆ ಹುಡುಗನನ್ನು ಹುಡುಕಿಸಲು ಯತ್ನಿಸಿದ್ದೇನೆ, ವಿಳಾಸ ಸಿಕ್ಕಿಲ್ಲ. ಅವನಿಗೀಗ ಐವತ್ತು ವರ್ಷ ಆಗಿರಬೇಕು. ಈ ಸಂಚಿಕೆ ಹಳೆಯ ವಿದ್ಯಾರ್ಥಿಗಳೆಲ್ಲರಿಗೂ ತಲುಪುವುದೆಂದು ಕೇಳಿ ಇದನ್ನು ಬರೆದಿದ್ದೇನೆ. ತಮ್ಮಾ, ನೀನಿದನ್ನು ಓದಿದರೆ ಧಾರವಾಡಕ್ಕೆ ಬಾ. ತಂಬಿಗೆ ತುಂಬಿಸಿಟ್ಟಿರುತ್ತೇನೆ.