ಅಳಿಸಿದ ಗುರುತು

ವ್ಯಾಕರಣವನ್ನೂ ಛಂದಸ್ಸನ್ನೂ ಬೋಧಿಸುತ್ತ ಬಂದವನು ನಾನು; ಗಣಕಯಂತ್ರದ ಒಳಮರ್ಮವನ್ನು ಅರಿತವನಲ್ಲ. ಆದರೂ ಕಳೆದ ಬೇಸಗೆಯಲ್ಲಿ ಮನೆಗೆ ಬಂದಿದ್ದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಹೇಳಿದ ಸಂಗತಿಯೊಂದು ನನ್ನದೇ ಹಳೆಯ ತಪ್ಪನ್ನು ನನಗೆ ತೋರಿಸಿಕೊಟ್ಟಿತು.

2006ರ ಡಿಸೆಂಬರಿನಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬಳಸುತ್ತಿದ್ದ ಕೆಲವರ ಕಡತಗಳು ಕಾರಣ ತಿಳಿಯದಂತೆ ಕೆಡುತ್ತಿದ್ದವು. ಡಿಸ್ಕಿನಲ್ಲಿರುವ ಕಡತವನ್ನು ಯಂತ್ರದ ಸ್ಮೃತಿಗೆ ಹೊಂದಿಸಿಕೊಂಡು ಅಲ್ಲಿಯೇ ತಿದ್ದುವ ಕ್ರಮಕ್ಕೆ ಮೆಮೊರಿ ಮ್ಯಾಪಿಂಗ್ ಎಂದು ಹೆಸರು. ತಿದ್ದಿದ ಪುಟಕ್ಕೆ ‘ಡರ್ಟಿ’, ಎಂದರೆ ಕೊಳೆಯಾದುದು, ಎಂಬ ಗುರುತು ಬೀಳುತ್ತದೆ. ಡಿಸ್ಕಿಗೆ ಬರೆದ ಮೇಲೆ ಅದು ಅಳಿಯುತ್ತದೆ. ಪುಟದ ಒಂದೊಂದು ಭಾಗಕ್ಕೂ ಕಡತ ವ್ಯವಸ್ಥೆಯು ಬೇರೆ ಗುರುತನ್ನು ಇಟ್ಟುಕೊಂಡಿರುತ್ತದೆ.

“ಗುರುಗಳೇ, ಕಡತ ವ್ಯವಸ್ಥೆ ಒಮ್ಮೊಮ್ಮೆ ತಾನಾಗಿಯೇ ಆ ಭಾಗಗಳನ್ನು ಮೊದಲೇ ಬರೆದು ಗುರುತು ಅಳಿಸಿಬಿಡುತ್ತದೆ. ಆಮೇಲೆ ಪುಟವನ್ನು ಮತ್ತೆ ತಿದ್ದಿದರೂ ಆ ಸಂಗತಿ ಅದಕ್ಕೆ ತಿಳಿಯುತ್ತಿರಲಿಲ್ಲ. ಪುಟವನ್ನು ಬರೆ ಎಂದರೆ ಗುರುತಿಲ್ಲದ ಭಾಗವನ್ನು ಬಿಟ್ಟುಬಿಡುತ್ತಿತ್ತು. ಹೇಳಿದ ಕರ್ನೆಲ್ ಮಾತ್ರ ಪೂರ್ತಿ ಬರೆದಾಯಿತೆಂದು ನಂಬುತ್ತಿತ್ತು” ಎಂದನು.

ಬಹುಪಾಲು ಇಡೀ ಪುಟವೇ ಬರೆಯಲ್ಪಡುತ್ತಿದ್ದುದರಿಂದ ಈ ದೋಷ ಬಹುಕಾಲ ಯಾರ ಕಣ್ಣಿಗೂ ಬೀಳಲಿಲ್ಲವಂತೆ. ಲಿನಸ್ ಟೋರ್ವಾಲ್ಡ್ಸ್ ಮೊದಲಾದವರು ಬಹಳ ತಲೆಕೆಡಿಸಿಕೊಂಡು ಹುಡುಕಿ, ಆ ತಿಂಗಳ ಕೊನೆಗೆ ಸರಿಪಡಿಸಿದರು. ಪರಿಹಾರ ಸರಳವೇ: ಬರೆಯಿಸುವ ಮುನ್ನ, ಇಡೀ ಪುಟ ಮತ್ತೆ ತಿದ್ದಲ್ಪಟ್ಟಿರಬಹುದೆಂದು ಕಡತ ವ್ಯವಸ್ಥೆಗೆ ತಿಳಿಸುವುದು.

ಇದನ್ನು ಕೇಳಿ ನಾನು ಮೌನವಾದೆನು. ಬಹು ವರ್ಷಗಳ ಹಿಂದೆ ಸಂಚಿಕೆಯೊಂದರ ಕರಡು ತಿದ್ದುವ ಹೊಣೆ ನನ್ನದಾಗಿತ್ತು. ಅಂಚಿನಲ್ಲಿ ಕೆಂಪು ಗುರುತು ಕಂಡಲ್ಲಿ ಅಚ್ಚುಕೂಟದ ಹುಡುಗನು ಮೊಳೆ ಬದಲಿಸಿ, ಗುರುತನ್ನು ಹೊಡೆದುಹಾಕುತ್ತಿದ್ದನು. ಅವನು ಮುಗಿಸಿದ ಪುಟವೊಂದರಲ್ಲಿ ನಾನು ಸಾಲಿನ ನಡುವೆ ಇನ್ನೊಂದು ತಿದ್ದುಪಡಿ ಬರೆದೆನು. ಅಂಚಿನಲ್ಲಿ ಹೊಸ ಗುರುತಿಡಲಿಲ್ಲ. ದಾನಿಯೊಬ್ಬರ ಹೆಸರು ತಪ್ಪಾಗಿಯೇ ಅಚ್ಚಾಯಿತು. ಎಲ್ಲರ ಎದುರಿನಲ್ಲಿ ಆ ಹುಡುಗನನ್ನು ಗದರಿದೆನು. ಅವನು ತಲೆತಗ್ಗಿಸಿ ನಿಂತನೇ ಹೊರತು ಎದುರಾಡಲಿಲ್ಲ.

ಬರೆಯುವವನು ತನಗೆ ತಿಳಿಸಿದ್ದನ್ನಷ್ಟೇ ಬರೆಯಬಲ್ಲನು. ತಿಳಿಸದೆ ಇದ್ದವನ ತಪ್ಪನ್ನು ಅವನ ಮೇಲೆ ಹೊರಿಸುವುದು ಅನ್ಯಾಯ. ಆ ಅಚ್ಚುಕೂಟ ಇಂದಿಲ್ಲ. ಆ ಹುಡುಗನು ಎಲ್ಲಿರುವನೋ ಅರಿಯೆನು. ಈ ಸಂಚಿಕೆ ಅವನ ಕೈಸೇರಿದರೆ ಓದಲಿ: ಅಂದಿನ ತಪ್ಪು ನಿನ್ನದಲ್ಲಪ್ಪ, ನನ್ನದು.