ಎಂ.ಎ. ಬಿಟ್ಟರೆ ಬಿಟ್ಟುಹೋಗುವುದೇನು?

ಮೂರು ವರ್ಷ ಬಿ.ಎ., ಎರಡು ವರ್ಷ ಎಂ.ಎ., ಆಮೇಲೆ ಪಿಎಚ್.ಡಿ. ನಾವು ಹತ್ತಿದ ಮೆಟ್ಟಿಲುಗಳು ಇವು. 2022ರ ನವೆಂಬರಿನಲ್ಲಿ ಬಂದ ಯುಜಿಸಿ ನಿಯಮಾವಳಿಯ ಪ್ರಕಾರ ನಡುವಿನ ಮೆಟ್ಟಿಲು ಈಗ ಕಡ್ಡಾಯವಲ್ಲ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕವಿದ್ದರೆ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ 2021-22ರಲ್ಲಿ ಶುರುವಾದ ನಾಲ್ಕು ವರ್ಷದ ಪದವಿ 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಹಾಗಾಗಿ ನಡುವೆ ಸೇರಿದ ಮೂರು ತಂಡಗಳ ಮಕ್ಕಳಿಗೆ ಈ ಪ್ರಶ್ನೆ ನಿಜವಾಗಿಯೂ ಎದುರಾಗಿದೆ.

ಅಂಥ ಒಬ್ಬಳು ಶಿರ್ತಾಡಿಯಲ್ಲಿ ನಮ್ಮ ನೆರೆಮನೆಯವಳು. ಕನ್ನಡ ಆನರ್ಸ್ ಮುಗಿಸಿದ್ದಾಳೆ. "ಅಕ್ಕಾ, ಸೀದಾ ಪಿಎಚ್.ಡಿ.ಗೆ ಹೋಗಲಾ?" ಎಂದು ಕೇಳಿದಳು. ಮನೆಯಲ್ಲಿ ಮದುವೆಯ ಮಾತು ಶುರುವಾಗಿದೆ. ಜೆಆರ್‌ಎಫ್ ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ. ಅಪ್ಪನ ಹತ್ತಿರ ಕೈಚಾಚಬೇಕಿಲ್ಲ, ಓದು ಮುಂದುವರಿಸಲು ಒಂದು ಸಮರ್ಥನೆಯೂ ಆಯಿತು. ಅವಳ ಲೆಕ್ಕವನ್ನು ಅವಸರವೆಂದು ತಳ್ಳಿಹಾಕಲಾರೆ.

ಉತ್ತರ ವಿಷಯದ ಮೇಲೆ ನಿಂತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇಂಜಿನಿಯರಿಂಗ್ ಪದವೀಧರರನ್ನು ನೇರವಾಗಿ ಪಿಎಚ್.ಡಿ.ಗೆ ತೆಗೆದುಕೊಳ್ಳುತ್ತದೆ. ಅಲ್ಲಿ ಪ್ರಯೋಗಾಲಯವೇ ಅರ್ಧ ಪಾಠಶಾಲೆ. ಕನ್ನಡದ ಸಂಗತಿ ಬೇರೆ. ನಮ್ಮೂರಿಂದ ಬಸ್ಸು ಹತ್ತಿದರೆ ಸಿಗುವ ಮೂಡುಬಿದಿರೆಯನ್ನೇ ನೋಡಿ. ಅಲ್ಲಿನ ಜೈನರು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲ, ಜಯಧವಲದ ತಾಡೋಲೆಗಳ ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳೆಯ ಕನ್ನಡ. ಅಂಥ ಒಂದು ಗರಿಯನ್ನು ಓದಬೇಕಾದರೂ ಲಿಪಿ, ವ್ಯಾಕರಣ, ಗ್ರಂಥಸಂಪಾದನೆ ಗೊತ್ತಿರಬೇಕು. ಪಿಎಚ್.ಡಿ.ಯ ಕೋರ್ಸ್‌ವರ್ಕಿನಲ್ಲಿ ಸಂಶೋಧನಾ ವಿಧಾನ, ನೀತಿ ಇತ್ಯಾದಿ ಇರುತ್ತವೆ. ಹಳಗನ್ನಡ ಕಲಿಸುವ ಪುರುಸೊತ್ತು ಅಲ್ಲಿಲ್ಲ.

ಎಂ.ಎ.ಗೆ ಹೋಗುವಾಗ ನಾನು ಕಾದಂಬರಿಗಳ ಮೇಲೆ ಸಂಶೋಧನೆ ಮಾಡಬೇಕೆಂದಿದ್ದೆ. ಜಾನಪದದ ಪತ್ರಿಕೆ ಪಾಲಿಗೆ ಬಂದದ್ದರಿಂದ ಓದಿದೆ. ಅಜ್ಜಿ ನೇಜಿ ನೆಡುವಾಗ ಹೇಳುತ್ತಿದ್ದ ಪಾಡ್ದನ ಓದಿನ ವಸ್ತುವೂ ಹೌದೆಂದು ತಿಳಿದದ್ದು ಆಗ. ಈಗ ನನ್ನ ಸಂಶೋಧನೆ ಅದರ ಮೇಲೆಯೇ. ಪಿಎಚ್.ಡಿ.ಯಲ್ಲಿ ವಿಷಯಕ್ಕೆ ಬೇಕಾದದ್ದನ್ನು ಓದುತ್ತೇವೆ. ವಿಷಯ ಯಾವುದೆಂದು ಗೊತ್ತಾಗಲು ಬೇಡದ್ದನ್ನೂ ಓದಿರಬೇಕು.

ಮಂಜೇಶ್ವರದ ಗೋವಿಂದ ಪೈ ಬಿ.ಎ. ಕೂಡ ಪೂರೈಸದೆ ದೊಡ್ಡ ಸಂಶೋಧಕರಾದರು ಎನ್ನುವವರಿದ್ದಾರೆ. ನಿಜ. ಆದರೆ ಅವರು ಬಿಟ್ಟದ್ದು ಪದವಿಯನ್ನು. ಹಲವು ಭಾಷೆಗಳ ಕಲಿಕೆಯನ್ನಲ್ಲ.

ಇನ್ನೊಂದು ಒಣ ಸಂಗತಿಯೂ ಇದೆ. ಯುಜಿಸಿಯ 2018ರ ನಿಯಮಾವಳಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಕೇಳುತ್ತದೆ. ಕೆ-ಸೆಟ್‌ಗೂ, ಪಿಯು ಉಪನ್ಯಾಸಕ ಹುದ್ದೆಗೂ ಸ್ನಾತಕೋತ್ತರ ಪದವಿ ಬೇಕು. ಮದುವೆ, ಹೆರಿಗೆ, ಮಾರ್ಗದರ್ಶಕರ ವರ್ಗಾವಣೆ, ಯಾವುದರಿಂದಲಾದರೂ ಪಿಎಚ್.ಡಿ. ಅರ್ಧಕ್ಕೆ ನಿಂತರೆ ಕೈಯಲ್ಲಿ ಉಳಿಯುವುದು ಪದವಿ ಮಾತ್ರ. ಹೀಗೆ ನಿಲ್ಲುವುದು ಹೆಚ್ಚಾಗಿ ಹೆಣ್ಣುಮಕ್ಕಳ ಓದು.

ನಾಲ್ಕು ವರ್ಷ ಓದಿದವರಿಗೆ ಒಂದೇ ವರ್ಷದ ಸ್ನಾತಕೋತ್ತರಕ್ಕೆ ಯುಜಿಸಿ ಅವಕಾಶ ಕೊಟ್ಟಿದೆ. ಹಾಗಾಗಿ ತೂಗಬೇಕಾದದ್ದು ಒಂದು ವರ್ಷವನ್ನು. ವಿಷಯ, ಅದಕ್ಕೆ ಬೇಕಾದ ಭಾಷೆ, ನಂಬುವ ಮಾರ್ಗದರ್ಶಕರು ಮೂರೂ ಸಿಕ್ಕಿದ್ದರೆ ನೇರವಾಗಿ ಹೋಗಬಹುದು. ಒಂದು ಕಡಿಮೆಯಿದ್ದರೂ ಆ ವರ್ಷವನ್ನು ಮನೆಯವರ ಹತ್ತಿರ ಜಗಳವಾಡಿಯಾದರೂ ಕೇಳಿ ಪಡೆಯಬೇಕು.