ಸೀಮೆ ಬದನೆಯ ಸೀಮೆ ಎಲ್ಲಿಯವರೆಗೆ?

ಬೆಳಿಗ್ಗೆ ಏಳರ ಹೊತ್ತಿಗೆ ಕಮ್ಮನಹಳ್ಳಿಯ ಮುಖ್ಯರಸ್ತೆಯಲ್ಲಿ ತರಕಾರಿ ಗಾಡಿಗಳು ಸಾಲುಗಟ್ಟುತ್ತವೆ. ಬೆಂಗಳೂರಿನ ಪೂರ್ವ ದಿಕ್ಕಿನ ಈ ಭಾಗ 2008ರ ಕ್ಷೇತ್ರ ವಿಂಗಡಣೆಯ ನಂತರ ಸರ್ವಜ್ಞನಗರ ಎಂಬ ಹೆಸರಿನಲ್ಲಿ ಸೇರಿಕೊಂಡಿದೆ. ಬಾಣಸವಾಡಿ, ಲಿಂಗರಾಜಪುರ, ಕಾಚರಕನಹಳ್ಳಿ, ನಾಗವಾರ ಎಲ್ಲ ಇದರೊಳಗೇ. ಇಲ್ಲಿಯ ಗಾಡಿಗಳ ಮುಂದೆ ಐದಾರು ಭಾಷೆಗಳು ಕಿವಿಗೆ ಬೀಳುವುದು ದಿನನಿತ್ಯದ ಮಾತು.

ತಿಳಿಹಸಿರು ಬಣ್ಣದ, ಪೇರಲೆ ಆಕಾರದ ಒಂದು ಕಾಯಿಯನ್ನೇ ನೋಡಿ. ಕನ್ನಡದವರು ಅದನ್ನು ಸೀಮೆ ಬದನೆ ಎನ್ನುತ್ತಾರೆ. ಪಕ್ಕದಲ್ಲಿ ನಿಂತ ತಮಿಳು ಗೃಹಿಣಿ ‘ಬೆಂಗಳೂರು ಕತ್ತರಿಕ್ಕಾಯ್ ಎವ್ವಳವು?’ ಎಂದು ಕೇಳುತ್ತಾರೆ. ತೆಲುಗಿನವರಿಗೆ ಅದು ‘ಬೆಂಗಳೂರು ವಂಕಾಯ’. ಗಾಡಿಯವನು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಾನೆ: ‘ತಗೊಳ್ಳಿ ಅಕ್ಕಾ, ಎಳೇದು!’

ನೆರೆಯವರು ಈ ಕಾಯಿಗೆ ನಮ್ಮ ಊರಿನ ಹೆಸರಿಟ್ಟರು. ನಾವು ಮಾತ್ರ ಸೀಮೆಯದು, ಅಂದರೆ ಹೊರಗಿನಿಂದ ಬಂದದ್ದು ಎಂದೆವು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳ ಸಾಲಿಗೆ ಅದನ್ನೂ ಸೇರಿಸಿದೆವು. ನಮ್ಮ ಮಾತೇ ಸರಿ. ಇದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಬೆಟ್ಟದ ಸೀಮೆ. ಹಾಗೆ ನೋಡಿದರೆ ಇದು ಬದನೆಯೂ ಅಲ್ಲ. ಸೌತೆ, ಕುಂಬಳ, ಹೀರೆಗಳ ಬಳಗಕ್ಕೆ ಸೇರಿದ್ದು.

ಅಷ್ಟು ದೂರದ ಬಳ್ಳಿಗೆ ಈ ಊರು ಒಗ್ಗಿದ್ದು ಹೇಗೆ? ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ನೆಲ. ಏಪ್ರಿಲ್ ತಿಂಗಳ ಸರಾಸರಿ ಗರಿಷ್ಠ ಉಷ್ಣತೆ 34 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಜನವರಿಯ ರಾತ್ರಿಗಳಲ್ಲಿ 16 ಡಿಗ್ರಿ. ಬಳ್ಳಿಯನ್ನು ಸುಡುವಷ್ಟು ಬಿಸಿಲಿಲ್ಲ, ಕೊಲ್ಲುವ ಹಿಮವಿಲ್ಲ. ಇದಿಷ್ಟೇ ಅಲ್ಲ. ಸೀಮೆ ಬದನೆ ಹೂ ಬಿಡುವುದು ಹಗಲು ಸುಮಾರು ಹನ್ನೆರಡು ಗಂಟೆಗಿಳಿದಾಗ. ಯೂರೋಪಿನ ಬೇಸಿಗೆಯ ಉದ್ದನೆಯ ಹಗಲಿನಲ್ಲಿ ಅದು ಸೊಂಪಾಗಿ ಹಬ್ಬುತ್ತದೆ, ಆದರೆ ಹೂ ಕಾಣುವುದಿಲ್ಲ. ಶರತ್ಕಾಲದಲ್ಲಿ ಹೂ ಬಿಡುವ ವೇಳೆಗೆ ಹಿಮ ಬಂದು ಬಳ್ಳಿ ಸಾಯುತ್ತದೆ. ಬೆಂಗಳೂರಿನ ಹಗಲು ಡಿಸೆಂಬರಿನಲ್ಲಿ 11 ಗಂಟೆ 20 ನಿಮಿಷದಷ್ಟು, ಜೂನ್‌ನಲ್ಲೂ 13 ಗಂಟೆ ಮುಟ್ಟುವುದಿಲ್ಲ. ಬಳ್ಳಿಗೆ ತವರಿನಲ್ಲೇ ಇದ್ದಂತಾಯಿತು!

ಯಾವ ಗಿಡ ಎಲ್ಲಿ ಬದುಕೀತು ಎಂಬ ಪ್ರಶ್ನೆ ಈ ಊರಿಗೆ ಹೊಸದಲ್ಲ. 1809ರಲ್ಲಿ ದಂಡು ಇಲ್ಲಿಗೆ ಬಂದ ಮೇಲೆ ಆಂಗ್ಲರ ಊಟದ ಮೇಜಿಗೆ ಬೇಕಾದ ತರಕಾರಿಗಳೂ ಬಂದವು. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಲಾಲ್‌ಬಾಗ್ ಹೊರದೇಶದ ಗಿಡಗಳನ್ನು ನೆಟ್ಟು ನೋಡುವ ಜಾಗವಾಯಿತು. ಒಂದು ಮಡಿ, ಒಂದು ಗಿಡ, ಒಂದೆರಡು ವರ್ಷದ ಕಾಯುವಿಕೆ. ಬದುಕಿದರೆ ಊರಿನದು, ಇಲ್ಲದಿದ್ದರೆ ಇಲ್ಲ.

ಇಂದು ಆ ಕೆಲಸದ ಬಹುಭಾಗವನ್ನು ಕಂಪ್ಯೂಟರ್ ಮಾಡುತ್ತದೆ. ಇದಕ್ಕೆ ಬೆಳೆಯ ಹವಾಮಾನ ಮಾದರಿ ಎಂದು ಹೆಸರು. ಹೆಸರು ಕೇಳಿ ಹೆದರಬೇಕಿಲ್ಲ. ಒಂದು ಬೆಳೆ ಲೋಕದಲ್ಲಿ ಎಲ್ಲೆಲ್ಲಿ ಬೆಳೆಯುತ್ತಿದೆ ಎಂಬ ವಿಳಾಸಗಳನ್ನು ಮೊದಲು ಕಲೆಹಾಕುತ್ತಾರೆ. ಪ್ರತಿ ವಿಳಾಸದ ಕನಿಷ್ಠ ಚಳಿ, ಗರಿಷ್ಠ ಸೆಕೆ, ವರ್ಷದ ಮಳೆ, ತೀರಾ ಒಣಗಿದ ತಿಂಗಳು ಇವುಗಳನ್ನು ಗುರುತು ಹಾಕಿಕೊಳ್ಳುತ್ತಾರೆ. ಬೆಳೆ ತಾಳುವ ಮಿತಿ ಹೀಗೆ ಸಿಕ್ಕಿತೆನ್ನಿ. ಅದೇ ಮಿತಿಯೊಳಗೆ ಬರುವ ಬೇರೆ ಊರುಗಳನ್ನು ಭೂಪಟದಲ್ಲಿ ಹುಡುಕಿ ಬಣ್ಣ ಹಚ್ಚುವುದು ಉಳಿದ ಕೆಲಸ. ಆಸ್ಟ್ರೇಲಿಯಾದಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಬಯೋಕ್ಲಿಮ್’ ಮಾಡಿದ್ದು ಇದನ್ನೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ‘ಎಕೋಕ್ರಾಪ್’ ಎರಡು ಸಾವಿರಕ್ಕೂ ಹೆಚ್ಚು ಸಸ್ಯಗಳ ಅಗತ್ಯಗಳನ್ನು ಪಟ್ಟಿ ಮಾಡಿದೆ. ಮಾದರಿ ನಂಬುವಂಥದ್ದೇ? ಕೆಲವು ವಿಳಾಸಗಳನ್ನು ಬೇಕೆಂದೇ ಬಚ್ಚಿಟ್ಟು, ಅದು ಅವನ್ನು ತಾನಾಗಿ ಕಂಡುಹಿಡಿಯುವುದೋ ಎಂದು ಪರೀಕ್ಷೆ ಇಡುತ್ತಾರೆ. ಮಕ್ಕಳಿಗಷ್ಟೇ ಅಲ್ಲ, ಕಂಪ್ಯೂಟರಿಗೂ ಪರೀಕ್ಷೆಯಿಂದ ಬಿಡುಗಡೆ ಇಲ್ಲ.

ಹಾಗಿದ್ದೂ ಅದು ಎಡವುವ ಜಾಗವೊಂದು ಇದೇ ಗಾಡಿಯಲ್ಲಿದೆ. ಬೆಂಗಳೂರು ನೀಲಿ ದ್ರಾಕ್ಷಿಯ ಗೊಂಚಲುಗಳು ಅಲ್ಲಿ ಕುಳಿತಿವೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಇದನ್ನು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುತ್ತಾರೆ. ದ್ರಾಕ್ಷಿ ಮೂಲತಃ ಚಳಿ ದೇಶದ ಬಳ್ಳಿ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಎದ್ದು ಚಿಗುರುತ್ತದೆ. ನಮ್ಮಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಬಳ್ಳಿ ಇಲ್ಲಿ ಮಲಗುವುದೇ ಇಲ್ಲ. ರೈತ ಕತ್ತರಿ ಹಿಡಿದು ಸವರುತ್ತಾನೆ. ಬಳ್ಳಿ ಹೊಸದಾಗಿ ಚಿಗುರಿ ಹೂ ಬಿಡುತ್ತದೆ. ವರ್ಷಕ್ಕೆ ಎರಡು ಸಲ ಸವರಿ ಎರಡು ಫಸಲು ತೆಗೆಯುತ್ತಾನೆ. ಫ್ರಾನ್ಸಿನ ತೋಟಗಳನ್ನಷ್ಟೇ ನೋಡಿ ಕಲಿತ ಮಾದರಿಯಾಗಿದ್ದರೆ ಬೆಂಗಳೂರಿನ ಜಾಗವನ್ನು ಖಾಲಿ ಬಿಡುತ್ತಿತ್ತು. ಚಳಿಗಾಲದ ಕೆಲಸವನ್ನು ಕತ್ತರಿಯೂ ಮಾಡಬಲ್ಲದೆಂದು ಮಳೆ ಮತ್ತು ಉಷ್ಣತೆಯ ಅಂಕಿಗಳು ಹೇಳುವುದಿಲ್ಲವಲ್ಲ! ಕೊಳವೆ ಬಾವಿಯ ವಿಷಯವೂ ಹಾಗೆಯೇ. ವರ್ಷಕ್ಕೆ 970 ಮಿಲಿಮೀಟರ್ ಆಸುಪಾಸಿನ ಮಳೆಯನ್ನು ಮಾದರಿ ಎಣಿಸುತ್ತದೆ. ಬಾವಿಯಲ್ಲಿ ನೀರಿದೆಯೋ ಇಲ್ಲವೋ ಎಂದು ಬಗ್ಗಿ ನೋಡುವುದಿಲ್ಲ.

ಇನ್ನು ಬಾಣಸವಾಡಿ ರಸ್ತೆ ಹಿಡಿದು ಹೊರಟರೆ, ಹಳ್ಳಿ ಎಂಬುದು ಹೆಸರಿನಲ್ಲಷ್ಟೇ ಉಳಿದಿದೆ. ರಾಗಿ ಹೊಲವಿದ್ದಲ್ಲಿ ಬಡಾವಣೆ, ಹೊರವರ್ತುಲ ರಸ್ತೆ, ಮೇಲ್ಸೇತುವೆ. ಹವಾಮಾನದ ಭೂಪಟದಲ್ಲಿ ಈ ನೆಲ ಇಂದಿಗೂ ರಾಗಿಗೆ ಯೋಗ್ಯ. ಕೃಷಿ ತಜ್ಞರ ವಿಂಗಡಣೆಯಲ್ಲಿ ಬೆಂಗಳೂರು ಪೂರ್ವ ಒಣ ವಲಯಕ್ಕೆ ಸೇರುತ್ತದೆ. ಬಿತ್ತಲು ಮಣ್ಣು ಕಾಣಬೇಕಷ್ಟೆ. ಹೀಗಾಗಿ ಈ ಬೀದಿಗಳ ಹೊಟ್ಟೆ ತುಂಬಿಸುವುದು ಹೊಸಕೋಟೆ, ಮಾಲೂರು, ಕೋಲಾರ, ಚಿಕ್ಕಬಳ್ಳಾಪುರಗಳ ತೋಟಗಳು.

ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಎತ್ತರ ಒಂದು ಸಾವಿರ ಮೀಟರ್ ಹೆಚ್ಚಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಹಾಗಾದರೆ ಭೂಮಿ ಎರಡು ಡಿಗ್ರಿ ಬಿಸಿಯಾದಾಗ, ಮೊದಲಿನ ತಂಪನ್ನೇ ಬಯಸುವ ಬೆಳೆ ಎಷ್ಟು ಮೇಲೇರಬೇಕು? ಸುಮಾರು 300 ಮೀಟರ್. ಹಿಮಾಚಲದ ಸೇಬು ಬೆಳೆಗಾರನಿಗೆ ಮೇಲೆ ಇನ್ನೊಂದು ಇಳಿಜಾರು ಸಿಗಬಹುದು. ಕೋಲಾರದವನಿಗೆ? ಈ ತೋಟಗಳೆಲ್ಲ ಇರುವುದೇ 800ರಿಂದ 950 ಮೀಟರ್ ಎತ್ತರದಲ್ಲಿ, ಪ್ರಸ್ಥಭೂಮಿಯ ನೆತ್ತಿಯ ಮೇಲೆ. ಅದರಾಚೆಗೆ ಇರುವುದು 1,478 ಮೀಟರಿನ ನಂದಿಬೆಟ್ಟದಂಥ ಬಂಡೆಗಳು. ಅಲ್ಲಿ ಎಷ್ಟು ಚಪ್ಪರ ಹಾಕಲಾದೀತು?

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಮಾಪಕ 39.2 ಡಿಗ್ರಿ ಮುಟ್ಟಿತು. ಒಂದು ದಿನದ ಬಿಸಿಲಿನಿಂದ ಹವಾಮಾನ ಬದಲಾಯಿತೆಂದು ಹೇಳುವಂತಿಲ್ಲ ನಿಜ. ಆದರೆ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಸಾಲ ಮಾಡಿ ದ್ರಾಕ್ಷಿ ಚಪ್ಪರ ಹಾಕಿದವನು ಮರುವರ್ಷವೇ ಬೇರೆ ಬೆಳೆಗೆ ಹಾರಲಾರ. ಇಪ್ಪತ್ತು ವರ್ಷದ ನಂತರದ ಏಪ್ರಿಲ್ ಹೇಗಿದ್ದೀತು ಎಂಬುದು ಅವನಿಗೆ ಮಗನ ಓದಿನಷ್ಟೇ, ಮಗಳ ಮದುವೆಯಷ್ಟೇ ದೊಡ್ಡ ಪ್ರಶ್ನೆ. ಮಾದರಿಗಳ ನಿಜವಾದ ಗಿರಾಕಿ ಅವನು. ಅವು ಅವನ ಭಾಷೆಯಲ್ಲಿ, ಅವನ ಹೋಬಳಿಯ ಮಟ್ಟಕ್ಕೆ ಇಳಿದು ಮಾತನಾಡುವುದು ಮಾತ್ರ ಇನ್ನೂ ಅಪರೂಪ. ಕತ್ತರಿಯನ್ನೂ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾದರಿ ಕಟ್ಟುವವರು ಇಲ್ಲಿಯ ಶಾಲೆಗಳಿಂದಲೇ ಬರಬಹುದು. ಅದಕ್ಕೆ ಗಣಿತವೂ ಬೇಕು, ತೋಟದಲ್ಲಿ ನಿಂತು ಕೇಳುವ ತಾಳ್ಮೆಯೂ ಬೇಕು.

ಹತ್ತು ಗಂಟೆಗೆ ಕಮ್ಮನಹಳ್ಳಿಯ ಗಾಡಿಗಳು ನೆರಳು ಹುಡುಕುತ್ತವೆ. ಮಾರಾಟವಾಗದೆ ಬುಟ್ಟಿಯ ತಳದಲ್ಲಿ ಉಳಿದ ಸೀಮೆ ಬದನೆಯೊಂದರ ತುದಿ ಒಡೆದು ಮೊಳಕೆ ಇಣುಕುತ್ತಿರುತ್ತದೆ. ಇದರ ಬೀಜವನ್ನು ಯಾರೂ ಬಿಡಿಸಿಡುವುದಿಲ್ಲ. ಕಾಯಿಯೊಳಗೇ ಮೊಳೆಯುವುದರಿಂದ ಇಡೀ ಕಾಯಿಯನ್ನೇ ಮಣ್ಣಿಗಿಡುತ್ತಾರೆ. ಅಂಥದ್ದನ್ನು ಗಾಡಿಯವನು ದುಡ್ಡು ತೆಗೆದುಕೊಳ್ಳದೆ ಕೊಟ್ಟುಬಿಡುತ್ತಾನೆ. ಅದು ಮಹಡಿಯ ಮೇಲಿನ ಹಳೆಯ ಬಣ್ಣದ ಡಬ್ಬಿ ಸೇರಿ, ನೀರಿನ ಟ್ಯಾಂಕಿನ ಕೊಳವೆ ಹಿಡಿದು ಹಬ್ಬತೊಡಗುತ್ತದೆ.